ವೇಷ, ವಿಡಂಬನೆ, ಛಾಯಾಚಿತ್ರ: ನ್ಯಾನ್ ಗೋಲ್ಡಿನ್ನರ ‘ದಿ ಅದರ್ ಸೈಡ್’ ಸಂಪುಟವನ್ನು ಕುರಿತು

ಅಮೆರಿಕದ ಬಾಸ್ಟನ್ ನಗರದ ಬೇ ವಿಲೇಜ್ ಎಂಬ ಹಳೆಯ ವಸತಿಯಲ್ಲಿ ‘ದಿ ಅದರ್ ಸೈಡ್’ ಎಂಬ ಹೆಸರಿನ ನೈಟ್‌ಕ್ಲಬ್ಬೊಂದು ಇದ್ದಿತು. ಸಲಿಂಗಪ್ರೇಮಿಗಳು ಕೂಡುತ್ತಿದ್ದ ಸ್ಥಳವದು. ಸ್ತ್ರೀವೇಷ ತೊಟ್ಟವರ ಸೌಂದರ್ಯಸ್ಪರ್ಧೆಗಳು ಅಲ್ಲಿ ನಡೆಯುತ್ತಿದ್ದವು. 1972ರಿಂದ 1974ರವರೆಗೆ ನ್ಯಾನ್ ಗೋಲ್ಡಿನ್ ಎಂಬ ತರುಣಿ ಆ ವೇಷಧಾರಿಗಳ ಜೊತೆಯಲ್ಲಿಯೇ ಮನೆಮಾಡಿಕೊಂಡಿದ್ದು, ಸ್ಪರ್ಧೆಯ ರಾತ್ರಿಗಳನ್ನೂ ಅದರ ಹಿಂದುಮುಂದಿನ ಹಗಲುಗಳನ್ನೂ ಕ್ಯಾಮೆರಾದಲ್ಲಿ ಹಿಡಿದರು. ಅವರಿಗೆ ಆಗ ಇಪ್ಪತ್ತರ ಆಚೀಚಿನ ವಯಸ್ಸು. ಆ ಚಿತ್ರಗಳು, ಅನಂತರದ ಇಪ್ಪತ್ತು ವರ್ಷಗಳಲ್ಲಿ ಬೇರೆಬೇರೆ ನಗರಗಳಲ್ಲಿ ತೆಗೆದ ಇನ್ನಷ್ಟು ಚಿತ್ರಗಳೊಡನೆ ಸೇರಿ, ಆ ಕ್ಲಬ್ಬಿನ ಹೆಸರನ್ನೇ ಹೊತ್ತು 1993ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು; 2019ರಲ್ಲಿ ಅದರ ವಿಸ್ತೃತ ಆವೃತ್ತಿಯೊಂದು ಹೊರಬಂದಿತು. ಛಾಯಾಚಿತ್ರಕಲೆಯ ಇತಿಹಾಸವನ್ನು ಬರೆಯುವವರು ಈ ಸಂಪುಟವನ್ನು ಪ್ರೀತಿಯ ದಾಖಲೆಯೆಂದು ಹೊಗಳುವುದುಂಟು. ಆ ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಅದರಲ್ಲಿ ಮರೆಯಾಗುವ ಒಂದು ಪ್ರಶ್ನೆಯಿದೆ. ಪ್ರಕೃತ ಲೇಖನದ ವಿಷಯ ಆ ಪ್ರಶ್ನೆಯೇ. ಅಣಕಕ್ಕೆಂದು, ನಗಿಸುವುದಕ್ಕೆಂದು ತೊಟ್ಟ ವೇಷವನ್ನು ಮಾತಿಲ್ಲದ, ಚಲನೆಯಿಲ್ಲದ ಚಿತ್ರವು ಹಿಡಿಯಬಲ್ಲುದೆ? ಹಿಡಿದರೆ ಆ ನಗು ಯಾರದಾಗುತ್ತದೆ?

ಮೊದಲಿಗೆ ಒಂದು ಹೋಲಿಕೆಯನ್ನು ದೂರವಿಡುವುದು ಒಳ್ಳೆಯದು. ಸ್ತ್ರೀವೇಷವೆಂದೊಡನೆ ಮುಂಬಯಿ ಪುಣೆಗಳಲ್ಲಿ ನೆಲಸಿದ ನಮ್ಮಂಥವರಿಗೆ ಬಾಲಗಂಧರ್ವರ ನೆನಪಾಗುವುದು ಸಹಜ. ಊರಿನ ಆಟವನ್ನು ಇನ್ನೂ ಮರೆಯದವರಿಗೆ ಯಕ್ಷಗಾನದ ಸ್ತ್ರೀಪಾತ್ರಗಳು ಕಣ್ಣಮುಂದೆ ಬಂದಾವು. ಆ ಪರಂಪರೆಯಲ್ಲಿ ವೇಷದ ಸಿದ್ಧಿಯಿರುವುದು ಮರೆಯಿಸುವುದರಲ್ಲಿ. ಒಳಗಿರುವವನು ಗಂಡಸೆಂಬ ಅರಿವು ಪ್ರೇಕ್ಷಕನಿಗೆ ಬಂದುಹೋದರೆ ರಸಭಂಗವಾಯಿತೆಂದೇ ಲೆಕ್ಕ. ಪಶ್ಚಿಮದಲ್ಲಿ ‘ಡ್ರ್ಯಾಗ್’ ಎಂದು ಹೆಸರಾದ ವೇಷದ ಪ್ರಯೋಜನ ಇದಕ್ಕೆ ತಿರುಗುಮುರುಗಾದುದು. ಅಲ್ಲಿ ಪ್ರೇಕ್ಷಕನು ಮರೆಯಕೂಡದು. ರೆಪ್ಪೆಯ ಮೇಲಿನ ಬಣ್ಣ ಬೇಕಾದುದಕ್ಕಿಂತ ಒಂದು ಪಾಲು ಹೆಚ್ಚಾಗಿರಬೇಕು, ನಡಿಗೆಯ ಬಳುಕು ಒಂದು ಗೇಣು ಮಿಕ್ಕಿರಬೇಕು. ಹೆಣ್ತನವೆಂದು ಲೋಕ ಯಾವುದನ್ನು ಸಹಜವೆಂದು ನಂಬಿದೆಯೋ ಅದೂ ಕೂಡ ಕಲಿತು ತೊಟ್ಟ ವೇಷವೇ ಎಂಬುದು ಆ ಅತಿಶಯದಿಂದ ಹೊಳೆಯಬೇಕು. ಭರತನ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಆಹಾರ್ಯವು ಪಾತ್ರಕ್ಕೆ ಸೇವಕನಾಗಿ ಬರುವುದಿಲ್ಲ. ತಾನೇ ಪಾತ್ರವಾಗಿ ಬಂದು, ತನ್ನನ್ನು ತಾನೇ ಹಾಸ್ಯಮಾಡಿಕೊಳ್ಳುತ್ತದೆ.

ಅಣಕಕ್ಕೆ ಗುರಿಯಾದ ವಸ್ತು ಯಾವುದೆಂಬುದೂ ಸ್ಪಷ್ಟವಾಗಿಯೇ ಇದೆ. ‘ಮಿಸ್ ಅಮೆರಿಕ’ ಎಂಬ ಸೌಂದರ್ಯಸ್ಪರ್ಧೆ 1921ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಆರಂಭವಾಗಿ, ಅರ್ಧ ಶತಮಾನದೊಳಗೆ ಆ ದೇಶದ ಒಂದು ವಾರ್ಷಿಕೋತ್ಸವದಂತಾಯಿತು. 1968ರ ಸೆಪ್ಟೆಂಬರಿನಲ್ಲಿ ಸ್ತ್ರೀವಿಮೋಚನೆಯ ಪಕ್ಷದ ಹೆಂಗಸರು ಆ ಸಭಾಂಗಣದ ಹೊರಗೆ ಜೀವಂತ ಕುರಿಯೊಂದಕ್ಕೆ ಕಿರೀಟವಿಟ್ಟು ಪ್ರತಿಭಟಿಸಿದರು. ಅದು ಶುದ್ಧ ವಿಡಂಬನೆ. ಕುರಿಗೆ ಕಿರೀಟದ ಆಸೆಯಿರಲಿಲ್ಲ. ನೈಟ್‌ಕ್ಲಬ್ಬಿನ ವೇಷಧಾರಿಯ ಸ್ಥಿತಿ ಅಷ್ಟು ಸರಳವಲ್ಲ. ಅವನು, ಅಥವಾ ಅವಳು, ಕಿರೀಟವನ್ನು ಗೇಲಿಮಾಡುತ್ತಲೇ ಅದಕ್ಕಾಗಿ ಪ್ರಾಣಬಿಡಲು ಸಿದ್ಧ. ಫ್ರ್ಯಾಂಕ್ ಸೈಮನ್ ನಿರ್ದೇಶಿಸಿದ ‘ದಿ ಕ್ವೀನ್’ ಎಂಬ 1968ರ ಸಾಕ್ಷ್ಯಚಿತ್ರವನ್ನು ನೋಡಿದವರಿಗೆ ಇದು ಮನದಟ್ಟಾಗುತ್ತದೆ. ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ 1967ರಲ್ಲಿ ನಡೆದ ಅಂಥದೊಂದು ಸ್ಪರ್ಧೆಯ ಚಿತ್ರವದು. ಕೊನೆಯಲ್ಲಿ ಕ್ರಿಸ್ಟಲ್ ಲಬೇಜಾ ಎಂಬ ಕರಿಯ ಸ್ಪರ್ಧಿ, ಬಿಳಿಯ ಸ್ಪರ್ಧಿಗೆ ಕಿರೀಟ ಸಂದುದನ್ನು ಸಹಿಸದೆ ವೇದಿಕೆಯಿಂದ ಇಳಿದುಹೋಗಿ, ತೆರೆಯ ಹಿಂದೆ ತೀರ್ಪನ್ನು ಬಾಯ್ತುಂಬ ಬಯ್ಯುತ್ತಾರೆ. ತಮಾಷೆಗೆಂದು ಹೂಡಿದ ಸ್ಪರ್ಧೆಯೊಳಗಿಂದ ಅಮೆರಿಕದ ವರ್ಣಭೇದವು ತಲೆಯೆತ್ತಿದ ಕ್ಷಣವದು. ಅಣಕ ಮತ್ತು ಆರಾಧನೆ ಇಲ್ಲಿ ಒಂದೇ ಬಟ್ಟೆಯ ಹಾಸುಹೊಕ್ಕು. ಒಂದನ್ನು ಎಳೆದು ತೆಗೆದರೆ ಇನ್ನೊಂದೂ ಬಟ್ಟೆಯಾಗಿ ಉಳಿಯದು.

ಸೈಮನ್ನರ ಕೈಯಲ್ಲಿ ಚಲನಚಿತ್ರವಿದ್ದಿತು, ಧ್ವನಿಯಿದ್ದಿತು. ಛಾಯಾಗ್ರಾಹಕನ ಕೈಯಲ್ಲಿ ಅವೆರಡೂ ಇಲ್ಲ. ವೇಷಧಾರಿ ತುಟಿ ಓರೆಮಾಡಿ ಆಡಿದ ಮಾತು, ಕಾಲು ತೊಡರಿದಂತೆ ನಟಿಸಿದ ಹೆಜ್ಜೆ, ಅದಕ್ಕೆ ಮೇಜುಗಳ ಕಡೆಯಿಂದ ಬಂದ ಮರುಮಾತು ಇವು ಚಿತ್ರದಲ್ಲಿ ಇರಲಾರವು. ಇಷ್ಟೇ ಆಗಿದ್ದರೆ ಎಲ್ಲ ರಂಗಚಿತ್ರಗಳಿಗೂ ಇರುವ ಮಿತಿಯೆಂದು ಬಿಡಬಹುದಾಗಿತ್ತು. ಆದರೆ ನೈಟ್‌ಕ್ಲಬ್ಬಿನ ಕತ್ತಲೆಯು ಇನ್ನೊಂದು ತೊಡಕನ್ನು ತಂದೊಡ್ಡುತ್ತದೆ. ಅಲ್ಲಿ ಚಿತ್ರ ತೆಗೆಯಲು ಇರುವ ದಾರಿಗಳು ಎರಡು. ಇರುವ ಬೆಳಕನ್ನೇ ನಂಬಿ ಷಟರನ್ನು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟೋ ಅದಕ್ಕಿಂತ ಹೆಚ್ಚೋ ಹೊತ್ತು ತೆರೆದಿಟ್ಟರೆ, ಸಭೆ ಮಸುಕಾಗಿಯಾದರೂ ಕಾಣುತ್ತದೆ, ಕುಣಿಯುವ ಆಕೃತಿ ಕದಡಿಹೋಗುತ್ತದೆ. ಫ್ಲ್ಯಾಷ್ ಹೊಡೆದರೆ ಆಕೃತಿ ಕೆತ್ತಿದಂತೆ ನಿಲ್ಲುತ್ತದೆ. ಆದರೆ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುವುದರಿಂದ, ವೇಷಧಾರಿಗಿಂತ ನಾಲ್ಕು ಪಟ್ಟು ದೂರದಲ್ಲಿ ಕುಳಿತ ಪ್ರೇಕ್ಷಕನಿಗೆ ದಕ್ಕುವುದು ಹದಿನಾರನೆಯ ಒಂದು ಪಾಲು ಮಾತ್ರ. ಅವನು ಕಪ್ಪಿನಲ್ಲಿ ಮುಳುಗಿಹೋಗುತ್ತಾನೆ. ಹೀಗೆ, ಯಾರ ನಗುವಿಗಾಗಿ ಆ ವೇಷ ಹುಟ್ಟಿತೋ ಅವರನ್ನೇ ಫ್ಲ್ಯಾಷಿನ ಚಿತ್ರ ಅಳಿಸಿಬಿಡುತ್ತದೆ. ಉಳಿಯುವುದು ಒಂಟಿ ಮುಖ, ಅದರ ಮೇಲಿನ ಪೌಡರಿನ ಬಿರುಕು. ಇದನ್ನು ನೋಡುವವನು ಮನೆಯಲ್ಲಿ ಪುಸ್ತಕ ತೆರೆದು ಕುಳಿತ ಅಪರಿಚಿತ. ಆ ಕಪ್ಪು ಜಾಗದಲ್ಲಿ ತನ್ನದೇ ನಗುವನ್ನು ತುಂಬಲು ಅವನಿಗೆ ಅಡ್ಡಿಯಿಲ್ಲ.

ಇಲ್ಲಿ ಎರಡು ಬಗೆಯ ನಗುಗಳನ್ನು ಬೇರ್ಪಡಿಸಿ ನೋಡದೆ ವಿಚಾರ ಮುಂದುವರಿಯದು. ನಾನು ವೃತ್ತಿಯಿಂದ ಬ್ಯಾಂಕಿನ ಅಧಿಕಾರಿ. ಅರ್ಜಿಗೆ ಅಂಟಿಸಿದ ಮುಖಚಿತ್ರವನ್ನು ಎದುರಿಗಿರುವ ಮುಖದೊಡನೆ ತಾಳೆನೋಡುವುದು ನನ್ನ ನಿತ್ಯದ ಕೆಲಸಗಳಲ್ಲೊಂದು. ಸರ್ವೋಚ್ಚ ನ್ಯಾಯಾಲಯದ 2014ರ ತೀರ್ಪಿನ ತರುವಾಯ, 2015ರಲ್ಲಿ, ಅರ್ಜಿ ನಮೂನೆಗಳಲ್ಲಿ ತೃತೀಯಲಿಂಗಕ್ಕೆ ಸ್ಥಾನ ಕೊಡಬೇಕೆಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿತು. ಅದಾಗಿ ಕೆಲವು ವರ್ಷಗಳ ಮೇಲೆ ನಾನಿದ್ದ ಶಾಖೆಗೆ ಒಬ್ಬರು ಸೀರೆಯುಟ್ಟು ಬಂದರು. ಖಾತೆಯಲ್ಲಿದ್ದುದು ಷರ್ಟು ತೊಟ್ಟ ಹಳೆಯ ಚಿತ್ರ. ಕೌಂಟರಿನವರು ಚಿತ್ರವನ್ನು ನೋಡಿದರು, ಮುಖವನ್ನು ನೋಡಿದರು, ನಕ್ಕರು. ಸಾಲಿನಲ್ಲಿ ನಿಂತಿದ್ದ ಇಬ್ಬರು ಅವರೊಡನೆ ದನಿಗೂಡಿಸಿದರು. ಬಂದವರು ಕಾಗದಗಳನ್ನು ಮಡಿಸಿ ಕೈಚೀಲಕ್ಕಿಟ್ಟುಕೊಂಡರು. ನಾನು ನಗಲಿಲ್ಲ. ಆದರೆ ನಗುವನ್ನು ನಿಲ್ಲಿಸಲೂ ಇಲ್ಲ. ಎದ್ದು ಹೋಗಿ ಅವರನ್ನು ಒಳಗೆ ಕರೆದುಕೊಳ್ಳುವಷ್ಟರಲ್ಲಿ ಅವರು ಬಾಗಿಲು ದಾಟಿದ್ದರು. ವಿಮರ್ಶೆಯ ನಡುವೆ ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಕ್ಲಬ್ಬಿನ ನಗುವನ್ನು ವೇಷಧಾರಿಯೇ ಕೇಳಿ ಪಡೆಯುತ್ತಾನೆ, ಅದರ ಹಗ್ಗ ಅವನ ಕೈಯಲ್ಲಿರುತ್ತದೆ. ಕೌಂಟರಿನ ನಗುವನ್ನು ಯಾರೂ ಕೇಳಿರಲಿಲ್ಲ. ಚಿತ್ರವು ಕ್ಲಬ್ಬಿನ ಬಾಗಿಲು ದಾಟಿತೆಂದರೆ ಮೊದಲನೆಯ ನಗು ಹಿಂದುಳಿಯುತ್ತದೆ, ಎರಡನೆಯದು ದಾರಿಯಲ್ಲಿ ಕಾದಿರುತ್ತದೆ. ಇಂಥ ವೇಷಗಳನ್ನು ಚಿತ್ರಿಸಿದ ಪ್ರತಿಯೊಬ್ಬ ಛಾಯಾಗ್ರಾಹಕನೂ ಎದುರಿಸಬೇಕಾದ ಸಂಕಟ ಇದು. ಗೋಲ್ಡಿನ್ನರಿಗಿಂತ ಹಿಂದಿನವರು ಇದನ್ನು ಹೇಗೆ ಎದುರಿಸಿದರೆಂಬುದನ್ನು ಸ್ವಲ್ಪ ನೋಡೋಣ.

ಟ್ರಾನ್ಸಿಲ್ವೇನಿಯದಲ್ಲಿ ಹುಟ್ಟಿ ಪ್ಯಾರಿಸ್ಸಿನವರಾದ ಬ್ರಸಾಯ್ 1930ರ ದಶಕದ ಮೊದಲಲ್ಲಿ ಆ ನಗರದ ‘ಮ್ಯಾಜಿಕ್ ಸಿಟಿ’ ಮುಂತಾದ ನೃತ್ಯಶಾಲೆಗಳ ವೇಷಗಳನ್ನು ಚಿತ್ರಿಸಿದರು. ಅವರದು ಗಾಜಿನ ಫಲಕದ ಕ್ಯಾಮೆರಾ, ಮೆಗ್ನೀಸಿಯಂ ಪುಡಿಯ ಬೆಳಕು. ಆ ಪುಡಿ ಸಿಡಿಯುವಾಗ ಇಡೀ ಶಾಲೆಗೆ ತಿಳಿಯಬೇಕು, ಆದುದರಿಂದ ಕದ್ದು ತೆಗೆಯುವ ಮಾತೇ ಇಲ್ಲ. ಅವರ ಮೊದಲ ಖ್ಯಾತ ಸಂಪುಟ ‘ಪಾರಿ ದ ನ್ವಿ’ಯಲ್ಲಿ ಇವುಗಳಿಗೆ ಎಡೆ ದೊರೆಯಲಿಲ್ಲ, ನಾಲ್ಕು ದಶಕಗಳು ಕಳೆದು 1976ರಲ್ಲಿ ‘ರಹಸ್ಯ ಪ್ಯಾರಿಸ್’ ಸಂಪುಟ ಬಂದಾಗಲೇ ಅವು ಒಟ್ಟಾಗಿ ಬೆಳಕು ಕಂಡವು. ಅವರು ಮೋಂತಾಞ್ ಸೇಂತ್ ಜೆನೆವಿಯೆವ್‌ನ ನೃತ್ಯಶಾಲೆಯಲ್ಲಿ ತೆಗೆದ ಒಂದು ಚಿತ್ರ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದುದು. ಇಬ್ಬರು ತರುಣರು ಒಂದೇ ಸೂಟನ್ನು ಪಾಲುಮಾಡಿ ತೊಟ್ಟಿದ್ದಾರೆ. ಕೋಟು ಒಬ್ಬನದು, ಷರಾಯಿ ಇನ್ನೊಬ್ಬನದು. ಈ ಹಾಸ್ಯಕ್ಕೆ ಮಾತೂ ಬೇಡ, ನಡಿಗೆಯೂ ಬೇಡ. ಗಂಡಸಿನ ಮರ್ಯಾದೆಯೆಂಬುದು ಎರಡು ತುಂಡು ಬಟ್ಟೆಯೆಂಬ ವಿಡಂಬನೆ ಆ ಹಂಚಿಕೆಯೊಳಗೇ ಇದೆ. ಪುಟದ ಮೇಲೆ ಅದು ಇಂದಿಗೂ ನಗಿಸುತ್ತದೆ, ಮತ್ತು ನಾವು ನಗುವುದು ಅವರೊಡನೆಯೇ ಹೊರತು ಅವರನ್ನು ನೋಡಿಯಲ್ಲ. ವಿಡಂಬನೆಯು ಸಂಪೂರ್ಣವಾಗಿ ಬಟ್ಟೆಯಲ್ಲಿಯೇ ಅಡಗಿದ್ದಾಗ ನಿಶ್ಚಲ ಚಿತ್ರ ಅದನ್ನು ಹಿಡಿಯಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನರಿಯೆ. ಆದರೆ ಅಂಥ ವೇಷ ಅಪರೂಪ. ಬ್ರಸಾಯ್ ಅವರ ಉಳಿದ ಚಿತ್ರಗಳಲ್ಲಿ ಊರು ಸುತ್ತುವ ಕುತೂಹಲಿಯ ಕಣ್ಣೇ ಹೆಚ್ಚು.

ಡಯೇನ್ ಆರ್ಬಸ್ ಅವರ ಮಾತು ಬೇರೆ. ‘ಸುರುಳಿ ಸುತ್ತಿದ ಕೂದಲಿನ ತರುಣ, ಪಶ್ಚಿಮ 20ನೆಯ ಬೀದಿಯ ಮನೆಯಲ್ಲಿ’ ಎಂಬ ಅವರ 1966ರ ಚಿತ್ರ, ಮರುವರ್ಷ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ನಡೆದ ‘ನ್ಯೂ ಡಾಕ್ಯುಮೆಂಟ್ಸ್’ ಪ್ರದರ್ಶನದಲ್ಲಿದ್ದಿತು. ತೀಡಿ ತೆಳುವಾಗಿಸಿದ ಹುಬ್ಬು, ನೀಳವಾದ ಉಗುರು, ಬೆರಳ ನಡುವೆ ಸಿಗರೇಟು, ತಲೆಯ ತುಂಬ ಕೂದಲು ಸುತ್ತುವ ಸುರುಳಿಗಳು. ಮುಖ ಎದುರಿಗಿದೆ, ಅತಿ ಹತ್ತಿರದಲ್ಲಿದೆ. ಇದನ್ನು ಕ್ರೂರವಾದ ಚಿತ್ರವೆನ್ನುವವರ ಪಕ್ಷ ನನ್ನದಲ್ಲ. ಆ ತರುಣನ ದೃಷ್ಟಿಯಲ್ಲಿ ಗಾಂಭೀರ್ಯವಿದೆ. ಆದರೆ ಆರ್ಬಸ್ ಆರಿಸಿಕೊಂಡ ಗಳಿಗೆಯನ್ನು ಗಮನಿಸಬೇಕು. ವೇಷ ಇನ್ನೂ ಮುಗಿದಿಲ್ಲ. ಹಾಸ್ಯಗಾರನು ಮಾತಿನ ಮೊದಲರ್ಧ ಆಡಿ ಉಸಿರೆಳೆದುಕೊಳ್ಳುವಾಗ ಅವನ ಬಾಯಿಗೆ ಕೈ ಅಡ್ಡವಿಟ್ಟಂತೆ ಇದು. ಸಭೆಯಿಲ್ಲ, ಕಿರೀಟವಿಲ್ಲ, ಅಣಕಕ್ಕೆ ಅವಕಾಶವಿಲ್ಲ. ಇರುವುದು ಗಂಡು ಹೆಣ್ಣುಗಳ ನಡುವಿನ ಹೊಲಿಗೆ ಮಾತ್ರ. ‘ಕ್ಯಾಂಪ್’ ಎಂಬ ಅಭಿರುಚಿಯನ್ನು 1964ರಷ್ಟು ಮೊದಲೇ ಸೂಕ್ಷ್ಮವಾಗಿ ವಿವೇಚಿಸಿದ ಸೂಸನ್ ಸೊಂಟಾಗ್, 1977ರ ‘ಆನ್ ಫೋಟೋಗ್ರಫಿ’ಯಲ್ಲಿ ಆರ್ಬಸ್ ಅವರ ಮೇಲೆ ಸಹಾನುಭೂತಿಯ ಅಭಾವವನ್ನು ಆರೋಪಿಸಿದರು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಕೊರತೆಯಾದುದು ಸಹಾನುಭೂತಿಗಿಂತ ಹೆಚ್ಚಾಗಿ ಹಾಸ್ಯ.

ಗೋಲ್ಡಿನ್ ತಮ್ಮ ಚಿತ್ರಗಳನ್ನು ತೆಗೆಯಲಾರಂಭಿಸಿದುದು ಆರ್ಬಸ್ ತೀರಿಕೊಂಡ ಮರುವರ್ಷ. ಅವರ ಮಾರ್ಗ ಪೂರ್ತಿ ಭಿನ್ನ. ತಮ್ಮ ಗೆಳತಿಯರನ್ನು ಗಂಡಸರೆಂದಾಗಲಿ, ಹೆಣ್ಣಿನ ವೇಷದ ಗಂಡಸರೆಂದಾಗಲಿ ತಾವು ಎಂದೂ ಕಾಣಲಿಲ್ಲವೆಂದೂ, ಅವರನ್ನು ಮೂರನೆಯ ಲಿಂಗವೆಂದೇ ಭಾವಿಸಿದ್ದೆನೆಂದೂ ಅವರು ಹೇಳಿಕೊಂಡಿದ್ದಾರೆ. ಅವರನ್ನು ‘ವೋಗ್’ ಪತ್ರಿಕೆಯ ಮುಖಪುಟಕ್ಕೆ ಏರಿಸಬೇಕೆಂಬುದು ಆಗಿನ ಅವರ ಕನಸು. ಈ ಕನಸನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಸ್ಟನ್ನಿನ ಕಪ್ಪುಬಿಳುಪಿನ ಚಿತ್ರಗಳನ್ನು ನೋಡಿದರೆ ಬಹಳಷ್ಟು ಅರ್ಥವಾಗುತ್ತದೆ. ಸ್ಪರ್ಧೆಯ ವೇದಿಕೆಯಲ್ಲಿ ನಡೆಯುವ ಕೊಲೆಟ್ ಇದ್ದಾಳೆ, ಪ್ರೇಕ್ಷಕರ ನಡುವೆ ಕುಳಿತ ನೇಯೋಮಿ ಇದ್ದಾಳೆ, ಹೊರಗೆ ಹೊರಟ ಐವಿ ಇದ್ದಾಳೆ, ಇವೆಲ್ಲ 1973ರವು. ವೇದಿಕೆ ಈ ಚಿತ್ರಮಾಲೆಯಲ್ಲಿ ಒಂದು ಪಾಲು ಮಾತ್ರ. ಕ್ಯಾಮೆರಾ ಸುಲಭವಾಗಿ ಮೇಜುಗಳ ಕಡೆಗೆ ತಿರುಗುತ್ತದೆ, ಸ್ಪರ್ಧಿಯೊಡನೆ ಮನೆಗೆ ಬರುತ್ತದೆ, ಕನ್ನಡಿಯ ಮುಂದೆ ಅವಳ ಪಕ್ಕದಲ್ಲಿ ಕೂರುತ್ತದೆ. ಫ್ಲ್ಯಾಷಿನ ಚಿತ್ರ ಅಳಿಸಿಹಾಕುವ ಪ್ರೇಕ್ಷಕ ಇಲ್ಲಿ ಹಿಂದಿರುಗಿ ಬಂದಿದ್ದಾನೆ. ಏಕೆಂದರೆ ಚಿತ್ರ ತೆಗೆಯುವವಳೇ ಆ ಪ್ರೇಕ್ಷಕರಲ್ಲಿ ಒಬ್ಬಳು.

ಇದು ದೊಡ್ಡ ಸಾಧನೆ. ಆದರೂ ನನ್ನ ಆಕ್ಷೇಪವನ್ನು ಹೇಳದೆ ಬಿಡಲಾರೆ. ಈ ಚಿತ್ರಗಳಲ್ಲಿ ಸೌಂದರ್ಯವಿದೆ, ಮೌನವಿದೆ, ತರುಣ ವಯಸ್ಸಿನ ಒಂದು ವಿಷಾದವಿದೆ. ನಗು ಮಾತ್ರ ಬಹಳ ವಿರಳ. ರಾಣಿಯರು ಚಲನಚಿತ್ರದ ತಾರೆಯರಂತೆ ಕಾಣಲು ಬಯಸಿದರು, ಗೋಲ್ಡಿನ್ ಅವರನ್ನು ತಾರೆಯರಾಗಿಯೇ ಕಂಡರು. ಆರಾಧನೆಯ ಎಳೆ ಪೂರ್ತಿಯಾಗಿ ಸಿಕ್ಕಿತು, ಅಣಕದ ಎಳೆ ಬೆರಳ ಸಂದಿಯಲ್ಲಿ ಜಾರಿತು. ಮಿಸ್ ಅಮೆರಿಕಳನ್ನು ಗೇಲಿಮಾಡುವ ಸಭೆಯ ಚಿತ್ರವಿದೆಂದು ಮೊದಲೇ ತಿಳಿಯದ ಓದುಗನಿಗೆ ಅದು ಈ ಪುಟಗಳಿಂದ ತಿಳಿಯುವುದು ಕಷ್ಟ. ಆರ್ಬಸ್ ಅವರ ಚಿತ್ರದಲ್ಲಿ ಹಾಸ್ಯವಿಲ್ಲದುದು ದೂರದ ಫಲ. ಗೋಲ್ಡಿನ್ನರಲ್ಲಿ ಅದು ಸಾಮೀಪ್ಯದ ಫಲ.

ಆದರೆ ಇದನ್ನು ಬರೀ ಕಲೆಯ ದೋಷವೆಂದು ತೀರ್ಮಾನಿಸುವ ಮುನ್ನ ಕಾಲವನ್ನು ನೋಡಬೇಕು. ಸಲಿಂಗಪ್ರೇಮವನ್ನು ಮನೋರೋಗಗಳ ಪಟ್ಟಿಯಿಂದ ತೆಗೆಯಲು ಅಮೆರಿಕದ ಮನೋವೈದ್ಯರ ಸಂಘ ನಿರ್ಧರಿಸಿದುದು 1973ರ ಡಿಸೆಂಬರಿನಲ್ಲಿ. ಅಂದರೆ ಈ ಚಿತ್ರಗಳಲ್ಲಿ ಹಲವು ತೆಗೆಯಲ್ಪಟ್ಟಾಗ ಅಲ್ಲಿ ಕುಳಿತವರು ಶಾಸ್ತ್ರದ ಪ್ರಕಾರ ರೋಗಿಗಳು. ಅವರು ಕೆಲಸ ಕಳೆದುಕೊಳ್ಳದಂತೆ ಕಾಪಾಡುವ ಕಾನೂನು ಬಾಸ್ಟನ್ನಿರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಂದುದು 1989ರಲ್ಲಿ. ಅಂಥ ಊರಿನಲ್ಲಿ ತಾವೇ ತಮ್ಮನ್ನು ನಗೆಗೀಡುಮಾಡಿಕೊಂಡ ಗಳಿಗೆಯ ಚಿತ್ರವೊಂದು ಹೊರಗೆ ಹೋದರೆ ಅದು ಯಾವ ಕೌಂಟರಿನ ಮೇಲೆ ಬೀಳುತ್ತಿತ್ತೆಂಬುದನ್ನು ಊಹಿಸುವುದು ಕಠಿನವಲ್ಲ. ಸುಂದರವಾದ ಚಿತ್ರವನ್ನು ನೋಡಿ ಹಾಗೆ ನಗುವುದು ಅಷ್ಟು ಸುಲಭವಲ್ಲ. ಗೋಲ್ಡಿನ್ ಇದನ್ನು ಯೋಚಿಸಿ ಮಾಡಿದರೆಂದು ನಾನು ಹೇಳುತ್ತಿಲ್ಲ; ಇಪ್ಪತ್ತರ ವಯಸ್ಸಿನ ಪ್ರೀತಿ ಅಷ್ಟು ಲೆಕ್ಕ ಹಾಕುವುದಿಲ್ಲ. ಆದರೆ ಪರಿಣಾಮ ಅದೇ ಆಯಿತು.

ನಮ್ಮ ದೇಶದ ಒಂದು ಉದಾಹರಣೆ ಇಲ್ಲಿ ಅಪ್ರಸ್ತುತವಾಗಲಾರದು. ದೆಹಲಿಯಲ್ಲಿ ಹುಟ್ಟಿ ವಿದೇಶದಲ್ಲಿ ನೆಲಸಿದ್ದ ಸುನಿಲ್ ಗುಪ್ತ 1986–87ರಲ್ಲಿ ಆ ನಗರಕ್ಕೆ ಬಂದು ‘ಎಕ್ಸೈಲ್ಸ್’ ಎಂಬ ಮಾಲಿಕೆಯಲ್ಲಿ ಸಲಿಂಗಪ್ರೇಮಿ ಪುರುಷರನ್ನು ಚಿತ್ರಿಸಿದರು. ದಂಡಸಂಹಿತೆಯ 377ನೆಯ ಕಲಮು ಆಗ ಪೂರ್ಣ ಬಲದಲ್ಲಿದ್ದಿತು. ಪ್ರಾಪ್ತವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವನ್ನು ಸರ್ವೋಚ್ಚ ನ್ಯಾಯಾಲಯ ಅದರ ಹಿಡಿತದಿಂದ ಬಿಡಿಸಿದುದು 2018ರಲ್ಲಿ. ಆ ಚಿತ್ರಗಳಲ್ಲಿ ಇಂಡಿಯಾ ಗೇಟ್ ಇದೆ, ಹುಮಾಯೂನನ ಗೋರಿಯಿದೆ. ಹಲವರ ಮುಖ ಮಾತ್ರ ನಮ್ಮ ಕಡೆಗಿಲ್ಲ. ಅಲ್ಲಿ ಮುಖವನ್ನು ತಿರುಗಿಸುವುದು ಮಾಡಿದ ಕೆಲಸವನ್ನೇ ಬಾಸ್ಟನ್ನಿನಲ್ಲಿ ಬಣ್ಣ ಮತ್ತು ವಿಗ್ಗು ಮಾಡಿದವೆನ್ನಬಹುದು.

1993ರ ಸಂಪುಟದ ಬ್ಯಾಂಕಾಕ್ ಮತ್ತು ಮನಿಲಾ ಭಾಗಗಳ ಬಗ್ಗೆ ಹೆಚ್ಚು ಹೇಳುವ ಅವಶ್ಯಕತೆಯಿಲ್ಲ. ಅಲ್ಲಿ ಗೋಲ್ಡಿನ್ ಅತಿಥಿ. ಅತಿಥಿಯ ಕಣ್ಣಿಗೆ ಬಣ್ಣ ಬೇಗ ಕಾಣುತ್ತದೆ, ಹಾಸ್ಯ ತಡವಾಗಿ ಕಾಣುತ್ತದೆ. ನಿಂತು ನೋಡಬೇಕಾದುದು ನ್ಯೂಯಾರ್ಕಿನ ಚಿತ್ರಗಳನ್ನು. ಅಷ್ಟರಲ್ಲಿ ಏಡ್ಸ್ ರೋಗ ಅವರ ಗೆಳೆಯರ ಬಳಗವನ್ನು ಬರಿದುಮಾಡತೊಡಗಿತ್ತು. 1989ರಲ್ಲಿ ಆ ನಗರದ ಆರ್ಟಿಸ್ಟ್ಸ್ ಸ್ಪೇಸ್‌ನಲ್ಲಿ ಅವರು ಇದೇ ವಿಷಯದ ಮೇಲೆ ‘ವಿಟ್ನೆಸಸ್’ ಎಂಬ ಪ್ರದರ್ಶನವನ್ನು ಏರ್ಪಡಿಸಿದ್ದರು. ಇದರ ಬಳಿಕ ತೆಗೆದ ಚಿತ್ರಗಳು ಇನ್ನಷ್ಟು ಶೋಕಮಯವಾಗಿರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಹಾಗಾಗಿಲ್ಲ. ಮಿಸ್ಟಿ ಮತ್ತು ಜಿಮ್ಮಿ ಪಾಲೆಟ್ ಎಂಬಿಬ್ಬರು ಟ್ಯಾಕ್ಸಿಯಲ್ಲಿ ಕುಳಿತ 1991ರ ವರ್ಣಚಿತ್ರದಲ್ಲಿ, ಬಾಸ್ಟನ್ನಿನಲ್ಲಿ ಕಾಣದಾದ ಹಾಸ್ಯ ಮರಳಿ ಬಂದಿದೆ. ಅವರು ಸಲಿಂಗಪ್ರೇಮಿಗಳ ವಾರ್ಷಿಕ ಮೆರವಣಿಗೆಗೆ ಹೊರಟವರು. ನೀಲಿ ಕೂದಲು, ಹೊಂಬಣ್ಣದ ಕಂಚುಕ, ಅದರ ಮೇಲೆ ಹರಿದ ಬಲೆಯ ಅಂಗಿ. ಹಿಂದೆ ಟ್ಯಾಕ್ಸಿಯ ಗಾಜು, ಹಗಲು ಬೆಳಕು. ರಾತ್ರಿಯ ವೇಷ ಹಗಲಿನ ಬಾಡಿಗೆಯ ಬಂಡಿಯಲ್ಲಿ ಕುಳಿತಿದೆ ಎಂಬುದೇ ಹಾಸ್ಯ. ಇಬ್ಬರೂ ನಗುತ್ತಿಲ್ಲ. ನೀವು ನಗಬಹುದು, ಅದಕ್ಕೆ ನಮ್ಮ ಅಭ್ಯಂತರವಿಲ್ಲ, ಆದರೆ ನಾವು ನಿಮ್ಮನ್ನು ನೋಡುತ್ತಿದ್ದೇವೆ ಎಂಬ ಭಾವ ಆ ಕಣ್ಣುಗಳಲ್ಲಿದೆ. ಮೇಲೆ ಹೇಳಿದ ಹಗ್ಗ ಇಲ್ಲಿ ವೇಷಧಾರಿಯ ಕೈಗೆ ಹಿಂತಿರುಗಿದೆ. ಅದೂ ಪ್ರೇಕ್ಷಕರ ಸಭೆಯೇ ಇಲ್ಲದ ಕಡೆ. ಇಡೀ ಸಂಪುಟದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದುದು ಈ ಚಿತ್ರವೇ.

ಬಾಸ್ಟನ್ನಿನ ಆ ಮೊದಲ ವರ್ಷಗಳ ಬಗ್ಗೆ ಗೋಲ್ಡಿನ್ ಹೇಳಿರುವ ಒಂದು ಸಂಗತಿ ನನ್ನ ಆಕ್ಷೇಪಕ್ಕೆ ಬೇರೊಂದು ಉತ್ತರ ಕೊಡುತ್ತದೆಯೋ ಏನೋ. ಅವರು ಫಿಲ್ಮನ್ನು ಔಷಧದಂಗಡಿಗೆ ಕೊಟ್ಟು ತೊಳೆಸಿ ಮುದ್ರಿಸಿ ತರುತ್ತಿದ್ದರು. ಆಗ ಅಮೆರಿಕದಲ್ಲಿ ಅದು ಸಾಮಾನ್ಯ ರೂಢಿ. ಚಿತ್ರಗಳ ಕಟ್ಟನ್ನು ಮನೆಗೆ ತಂದೊಡನೆ ರಾಣಿಯರು ಮುತ್ತಿಕೊಂಡು ಯಾರ ಚಿತ್ರ ಹೆಚ್ಚಿವೆಯೆಂದು ಎಣಿಸುತ್ತಿದ್ದರು, ತಮಗೆ ಒಪ್ಪಿಗೆಯಾಗದುದನ್ನು ಹರಿದು ಹಾಕುತ್ತಿದ್ದರು. ಅಂದರೆ ಇಂದು ನಮ್ಮ ಮುಂದಿರುವುದು ಚಿತ್ರಿತರೇ ಸೋಸಿ ಉಳಿಸಿದ ಸಂಗ್ರಹ. ಬಾಯಿ ತೆರೆದದ್ದು, ವಿಗ್ಗು ಜಾರಿದ್ದು, ನಗುವಿನ ಭರದಲ್ಲಿ ಬಣ್ಣ ಕಲಸಿಹೋದದ್ದು ಆ ಹರಿದ ಚೂರುಗಳಲ್ಲಿ ಇದ್ದಿರಬಹುದು.